ಮೂಗಿನೊಳಗೆ ಕರಗುವ ಬಿರಡೆ

ಅತ್ತಾಗ ಮೂಗೂ ಸುರಿಯುತ್ತದೆ. ಇದನ್ನು ಗಮನಿಸದವರಿಲ್ಲ, ಏಕೆಂದು ಕೇಳಿದವರು ಕಡಿಮೆ. ಕಣ್ಣಿಗೆ ಔಷಧದ ಹನಿ ಬಿಟ್ಟುಕೊಂಡ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಎನ್ನಿಸುವುದೂ ಇದೇ ಕಾರಣಕ್ಕೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಹೊರಕ್ಕೆಳೆದು ನೋಡಿ. ಮೂಗಿನ ಕಡೆಯ ತುದಿಯಲ್ಲಿ, ರೆಪ್ಪೆಯ ಅಂಚಿನಲ್ಲೇ, ಸೂಜಿಮೊನೆ ತಾಗಿಸಿದಷ್ಟು ಚಿಕ್ಕ ರಂಧ್ರವೊಂದು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದೇ ಇನ್ನೊಂದು. ಇವು ಕಣ್ಣೀರಿನ ಬಚ್ಚಲ ತೂತುಗಳು. ಇಲ್ಲಿಂದ ಕೂದಲೆಳೆಯಂಥ ಎರಡು ಕಿರುನಾಳಗಳು ಹೊರಟು ಮೂಗಿನ ಬುಡದಲ್ಲಿರುವ ಅಶ್ರುಚೀಲವನ್ನು ಸೇರುತ್ತವೆ. ಆ ಚೀಲದ ಕೆಳತುದಿಯಿಂದ ಮೂಳೆಯೊಳಗೆ ಹಾದು ಬರುವ ನಾಳವೊಂದು ಮೂಗಿನ ಒಳಗೆ ತೆರೆದುಕೊಳ್ಳುತ್ತದೆ. ನಾವು ಅಳದಿದ್ದರೂ ದಿನಕ್ಕೆ ಒಂದೆರಡು ಮಿಲಿಲೀಟರಿನಷ್ಟು ಕಣ್ಣೀರು ಸದ್ದಿಲ್ಲದೆ ತಯಾರಾಗುತ್ತಿರುತ್ತದೆ. ಒಂದಷ್ಟು ಗಾಳಿಗೆ ಆರುತ್ತದೆ, ಉಳಿದದ್ದನ್ನು ನಾವು ಒಂದೊಂದು ಸಲ ರೆಪ್ಪೆ ಬಡಿದಾಗಲೂ ಈ ಕೊಳವೆಗಳು ಪಂಪಿನಂತೆ ಒಳಗೆಳೆದುಕೊಳ್ಳುತ್ತವೆ.

ಈ ಬಚ್ಚಲು ಕಟ್ಟಿಕೊಂಡರೆ? ಆ ಮಾತಿಗೆ ಬರುವ ಮುನ್ನ ಒಂದು ಪತ್ರದ ವಿಷಯ ಹೇಳಬೇಕು. ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಅವರ ತಾಯಿಗೆ ಎರಡು ವರ್ಷದಿಂದ ಬಲಗಣ್ಣಿನಲ್ಲಿ ನೀರು ಸೋರುತ್ತಿದೆ, ಒತ್ತಿದರೆ ಗೀಜು ಬರುತ್ತದೆ. ಶಸ್ತ್ರಕ್ರಿಯೆ ಆಗಲೇಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ಪಕ್ಕದ ಮನೆಯ ಅತ್ತೆಗೆ ಇದೇ ಶಸ್ತ್ರಕ್ರಿಯೆಯಾದ ಮೇಲೆ ಮೂಗಿನಿಂದ ಬಟ್ಟೆ ಎಳೆದು ತೆಗೆದಾಗ ‘ಜೀವವೇ ಹೋದಂತಾಯಿತು’ ಅಂತೆ. ಅದನ್ನು ಕೇಳಿದಂದಿನಿಂದ ತಾಯಿ ಆಸ್ಪತ್ರೆಯ ಮಾತೆತ್ತಿದರೆ ಎದ್ದು ಹೋಗುತ್ತಾರೆ. ‘ತಾನೇ ಕರಗುವ ಪ್ಯಾಕ್ ಇದೆ, ಎಳೆಯುವ ಪ್ರಮೇಯವಿಲ್ಲ, ಆದರೆ ಖರ್ಚು ಹೆಚ್ಚು’ ಎಂದು ವೈದ್ಯರು ಹೇಳಿದ್ದಾರಂತೆ. ಆ ಹಣಕ್ಕೆ ತಕ್ಕ ಫಲವಿದೆಯೇ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ.

ಮೊದಲು ಹಸುಗೂಸುಗಳ ಮಾತು ಹೇಳಿ ಮುಗಿಸುತ್ತೇನೆ, ಏಕೆಂದರೆ ಈ ಪುಟ ಓದುವ ತಾಯಂದಿರಲ್ಲಿ ಕೆಲವರಾದರೂ ಮಗುವಿನ ಕಣ್ಣಿನ ಗೀಜು ಒರೆಸಿ ಸುಸ್ತಾಗಿರುತ್ತಾರೆ. ಹುಟ್ಟುವಾಗ ಕೆಲವು ಮಕ್ಕಳಲ್ಲಿ ನಾಳದ ಕೆಳತುದಿಯನ್ನು ಒಂದು ತೆಳುಪೊರೆ ಮುಚ್ಚಿಕೊಂಡಿರುತ್ತದೆ. ಮೂಗಿನ ಬುಡದಿಂದ ಕೆಳಮುಖವಾಗಿ ಬೆರಳಿನಿಂದ ನೀವುವ ವಿಧಾನವನ್ನು ಅಮೆರಿಕದ ಕ್ರಿಗ್ಲರ್ ಎಂಬ ವೈದ್ಯರು 1923ರಲ್ಲಿ ವಿವರಿಸಿದರು, ಇಂದಿಗೂ ಅದೇ ಮೊದಲ ಚಿಕಿತ್ಸೆ. ಬಹುಪಾಲು ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ದಾರಿ ತಾನೇ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಸಣ್ಣ ಸಲಾಕೆ ಹಾಯಿಸಿ ಬಿಡಿಸುತ್ತಾರೆ. ನೀವುವ ಕ್ರಮವನ್ನು ವೈದ್ಯರ ಕೈಯಲ್ಲಿ ನೋಡಿ ಕಲಿಯಿರಿ, ಅವರಿವರ ಮಾತು ಕೇಳಿ ಕಣ್ಣಿಗೆ ಎದೆಹಾಲು, ಎಣ್ಣೆ ಬಿಡಬೇಡಿ.

ದೊಡ್ಡವರ ಕಥೆ ಬೇರೆ. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ, ನಾಳದ ಒಳಗೋಡೆ ಊದಿ, ಕ್ರಮೇಣ ಗಟ್ಟಿಯಾಗಿ ದಾರಿ ಮುಚ್ಚಿಹೋಗುತ್ತದೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಚೀಲ ಕೀವುಗಟ್ಟುತ್ತದೆ. ಒಮ್ಮೊಮ್ಮೆ ಮೂಗಿನ ಬುಡದಲ್ಲಿ ಕೆಂಪಗೆ ಕುರುವೆದ್ದು ಒಡೆಯುವುದೂ ಉಂಟು. ಕಣ್ಣಿನ ಸಂದುಗಳಲ್ಲಿ ಬರುವ ರೋಗಗಳನ್ನು ಎಣಿಸುವಾಗ ಸುಶ್ರುತ ‘ಪೂಯಾಲಸ’ ಎಂದು ಕರೆದದ್ದು ಇದನ್ನೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಇಂಥ ಚೀಲವನ್ನು ಹಾಗೇ ಬಿಟ್ಟು ಅದೇ ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡರೆ ಕೀವಿನ ರೋಗಾಣುಗಳು ಕಣ್ಣಿನ ಒಳಗೇ ಇಳಿದು ದೃಷ್ಟಿಗೆ ಸಂಚಕಾರ ತರಬಲ್ಲವು. ಪೊರೆ ತೆಗೆಯುವ ಮುನ್ನ ಕಣ್ಣಿನ ಮೂಲೆಗೆ ನೀರು ಹಾಯಿಸಿ ‘ಗಂಟಲಿಗೆ ಬಂತೇ?’ ಎಂದು ಕೇಳುವುದು ಇದಕ್ಕಾಗಿಯೇ. ದೊಡ್ಡವರಲ್ಲಿ ಪೂರ್ತಿ ಮುಚ್ಚಿದ ನಾಳವನ್ನು ಯಾವ ಹನಿಯೂ, ಯಾವ ಮಾತ್ರೆಯೂ ತೆರೆಯುವುದಿಲ್ಲ.

ಮುಚ್ಚಿದ ನಾಳವನ್ನು ತೊಳೆದು ಬಿಡಿಸಲು 1713ರಲ್ಲಿ ಫ್ರಾನ್ಸಿನ ದೊಮಿನಿಕ್ ಅನೆಲ್ ಸಣ್ಣ ಸಲಾಕೆ, ಸಿರಿಂಜು ಬಳಸಿದ. ಅದಾಗಿ ಸುಮಾರು ಎರಡು ಶತಮಾನದ ನಂತರ, 1904ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದ ಆದ್ದಿಯೊ ತೋತಿ ಬೇರೆಯೇ ದಾರಿ ಹಿಡಿದ. ಕಟ್ಟಿಕೊಂಡ ಕೊಳವೆಯ ಗೊಡವೆಯೇ ಬೇಡ, ಚೀಲಕ್ಕೂ ಮೂಗಿಗೂ ನಡುವೆ ಇರುವ ತೆಳುಮೂಳೆಯಲ್ಲೇ ಹೊಸ ಕಿಂಡಿ ಕೊರೆದರಾಯಿತು ಎಂಬುದು ಅವನ ಯೋಚನೆ. ಡಿಸಿಆರ್ ಎಂದು ವೈದ್ಯರು ಚುಟುಕಾಗಿ ಕರೆಯುವ ಶಸ್ತ್ರಕ್ರಿಯೆ ಇದೇ. ಅವನು ಚರ್ಮವನ್ನು ಸೀಳಿ ಹೊರಗಿನಿಂದ ಹೋದ. ಮೂಗಿನ ಒಳಗಿನಿಂದಲೇ ತಲುಪುವ ದಾರಿಯನ್ನು ನ್ಯೂಯಾರ್ಕಿನ ಕಾಲ್ಡ್‌ವೆಲ್ 1893ರಲ್ಲೇ ಹೇಳಿದ್ದ. ಆದರೆ ಕತ್ತಲ ಗವಿಯಂಥ ಮೂಗಿನಲ್ಲಿ ಕಣ್ಣಿಗೆ ಕಾಣಬೇಕಲ್ಲ! 1980ರ ದಶಕದ ಕೊನೆಗೆ ಎಂಡೋಸ್ಕೋಪ್ ದುರ್ಬೀನು ಕೈಗೆ ಬಂದ ಮೇಲಷ್ಟೇ ಆ ದಾರಿ ಚಾಲ್ತಿಗೆ ಬಂತು. ಇಂದು ಎರಡೂ ವಿಧಾನಗಳು ಬಳಕೆಯಲ್ಲಿವೆ. ನುರಿತ ಕೈಗಳಲ್ಲಿ ಎರಡರಲ್ಲೂ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಗೆಲುವು ಸಿಗುತ್ತದೆ.

ಉಳಿದ ಹತ್ತು ಮಂದಿಯಲ್ಲಿ ಏನಾಗುತ್ತದೆ ಎಂಬುದರಲ್ಲೇ ಪತ್ರದ ಪ್ರಶ್ನೆಗೆ ಉತ್ತರದ ಬೀಜವಿದೆ. ಗಾಯವಾದರೆ ಮುಚ್ಚಿಕೊಳ್ಳುವುದು ದೇಹದ ಧರ್ಮ. ಶಸ್ತ್ರವೈದ್ಯ ತೆರೆದಿಡಬೇಕೆಂದ ಕಿಂಡಿಯೂ ದೇಹದ ಲೆಕ್ಕದಲ್ಲಿ ಒಂದು ಗಾಯವೇ. 1982ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಶಸ್ತ್ರಕ್ರಿಯೆಯಲ್ಲಿ ಮೂಳೆಯಲ್ಲಿ ಸರಾಸರಿ ಸುಮಾರು 12 ಮಿಲಿಮೀಟರ್ ಅಗಲಕ್ಕೆ ಕೊರೆದಿದ್ದ ಕಿಂಡಿ, ಗಾಯ ಮಾಗಿದ ಮೇಲೆ ಮೂಗಿನೊಳಗಿನಿಂದ ನೋಡಿದಾಗ ಸರಾಸರಿ 2 ಮಿಲಿಮೀಟರಿಗೂ ಕಡಿಮೆಯಾಗಿತ್ತು. ಕಣ್ಣೀರು ಹರಿಯಲು ಅಷ್ಟು ಧಾರಾಳ ಸಾಕು. ಆದರೆ ಹನ್ನೆರಡು ಎರಡಾಗಬಲ್ಲದಾದರೆ, ಇನ್ನೊಂದು ಹೆಜ್ಜೆ ಹೋಗಿ ಸೊನ್ನೆಯೂ ಆಗಬಹುದು ತಾನೆ? ಹೆಚ್ಚುಮಾಂಸ ಬೆಳೆದು, ಇಲ್ಲವೇ ಪಕ್ಕದ ಸುರುಳಿಮೂಳೆಗೆ ಅಂಟಿಕೊಂಡು ಕಿಂಡಿ ಮುಚ್ಚಿದರೆ ಕಣ್ಣು ಮತ್ತೆ ಸೋರಲು ಶುರು. ಇದನ್ನು ತಪ್ಪಿಸಲೆಂದೇ ಕೆಲವರು ಕೂದಲಿನಷ್ಟು ಸಣ್ಣ ಸಿಲಿಕೋನ್ ಕೊಳವೆಯನ್ನು ಕೆಲವು ವಾರ ಒಳಗೇ ಬಿಟ್ಟಿರುತ್ತಾರೆ.

ಇನ್ನು ಪ್ಯಾಕಿನ ವಿಷಯ. ಮೂಗಿನ ಲೋಳೆಪೊರೆಯಲ್ಲಿ ರಕ್ತನಾಳಗಳು ಬಲೆ ನೇಯ್ದಂತೆ ಇವೆ. ಬೇಸಿಗೆಯಲ್ಲಿ ಮಕ್ಕಳಿಗೆ ಮೂಗಿನಿಂದ ರಕ್ತ ಬರುವುದನ್ನು ಕಂಡವರಿಗೆ ಇದು ಗೊತ್ತು. ಅಲ್ಲಿ ಕತ್ತರಿ ಆಡಿಸಿದರೆ ರಕ್ತ ಬಂದೇ ಬರುತ್ತದೆ. ಸುರಿಯುವ ರಕ್ತ ತಡೆಯಬೇಕು, ಎದುರುಬದುರು ಇರುವ ಹಸಿಗೋಡೆಗಳು ಅಂಟಿಕೊಳ್ಳದಂತೆ ನಡುವೆ ಏನಾದರೂ ಇರಬೇಕು, ಗಾಯ ಒಣಗಿ ಹಕ್ಕಳೆಗಟ್ಟದಂತೆ ತೇವವಾಗಿರಬೇಕು. ಈ ಮೂರು ಕೆಲಸಕ್ಕಾಗಿ ಮೂಗಿನಲ್ಲಿ ಏನನ್ನಾದರೂ ತುಂಬುತ್ತಾರೆ.

ಹಳೆಯ ಕ್ರಮವೆಂದರೆ ಉದ್ದನೆಯ ಗಾಜ್ ಬಟ್ಟೆಯ ಪಟ್ಟಿಯನ್ನು ದ್ರವ ಪ್ಯಾರಾಫಿನ್ ಅಥವಾ ಮುಲಾಮಿನಲ್ಲಿ ಅದ್ದಿ, ಮಡಿಕೆ ಮಡಿಕೆಯಾಗಿ ತುರುಕುವುದು. ಒತ್ತಡ ಚೆನ್ನಾಗಿ ಬೀಳುತ್ತದೆ, ರಕ್ತ ನಿಲ್ಲುತ್ತದೆ, ಬೆಲೆಯೂ ಅಗ್ಗ. ತೊಂದರೆಯೆಲ್ಲ ತೆಗೆಯುವಾಗ. ಒಂದೆರಡು ದಿನದೊಳಗೆ ರಕ್ತ ಹೆಪ್ಪುಗಟ್ಟಿ ಬಟ್ಟೆಯ ಎಳೆಗಳೊಂದಿಗೆ ಬೆಸೆದುಕೊಂಡಿರುತ್ತದೆ. ಎಳೆದಾಗ ನೋವು, ಹೊಸದಾಗಿ ರಕ್ತ, ಕೆಲವರಿಗೆ ಕಣ್ಣು ಕತ್ತಲೆ ಬಂದು ಕುಸಿಯುವಂತಾಗುವುದು. ಪಕ್ಕದ ಮನೆಯ ಅತ್ತೆಯ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಪ್ಯಾಕ್ ಇರುವಷ್ಟು ಹೊತ್ತೂ ಬಾಯಲ್ಲೇ ಉಸಿರಾಡಬೇಕು, ಗಂಟಲು ಒಣಗಿ ನಿದ್ದೆ ಬಾರದು. ನೀರು ಕಂಡೊಡನೆ ಉಬ್ಬುವ ಮೆರೋಸೆಲ್ ಎಂಬ ಸ್ಪಂಜು ಬಂದ ಮೇಲೆ ತುರುಕುವುದು ಸುಲಭವಾಯಿತು, ಎಳೆಯುವುದು ಅಷ್ಟೇನೂ ಅಲ್ಲ. ಇನ್ನು ಮಕ್ಕಳ ಮೂಗಿಗೆ ಹೀಗೆ ತುಂಬಿದರೆ, ತೆಗೆಯಲೆಂದೇ ಮತ್ತೊಮ್ಮೆ ಮಂಪರು ಕೊಡಬೇಕಾಗಿ ಬರಬಹುದು.

ಹಾಗಾದರೆ ತಾನೇ ಮಾಯವಾಗುವ ವಸ್ತುವೊಂದನ್ನು ಇಟ್ಟರೆ ಹೇಗೆ? ಈ ಯೋಚನೆ ಹೊಸದಲ್ಲ. ಜೆಲಟಿನ್ ಸ್ಪಂಜು 1940ರ ದಶಕದಲ್ಲೇ ಬಂತು. ಜೆಲ್‌ಫೋಮ್ ಎಂಬ ಹೆಸರು ಎಲ್ಲ ಶಸ್ತ್ರವೈದ್ಯರಿಗೂ ಪರಿಚಿತ. ಜೆಲ್ಲಿ ತಿಂಡಿ ಮಾಡುವ ಜೆಲಟಿನ್ ಅನ್ನೇ ನೊರೆ ಎಬ್ಬಿಸಿ ಒಣಗಿಸಿದಂತೆ ಎಂದುಕೊಳ್ಳಿ. ತನ್ನ ತೂಕದ ಹಲವು ಪಟ್ಟು ರಕ್ತ ಹೀರಿಕೊಂಡು, ಹೆಪ್ಪುಗಟ್ಟಲು ಒಂದು ಹಂದರವಾಗುತ್ತದೆ. ದೇಹದ ಒಳಗೆ ಹುದುಗಿಸಿದರೆ ಕರಗಲು ನಾಲ್ಕರಿಂದ ಆರು ವಾರ ಬೇಕು, ಆದರೆ ಮೂಗಿನಂಥ ಲೋಳೆಪೊರೆಯ ಮೇಲೆ ಎರಡರಿಂದ ಐದು ದಿನದಲ್ಲಿ ನೀರಾಗುತ್ತದೆ. ಇದರ ಬೆಲೆ ಹಗುರ. ಒತ್ತಡ ಕೊಡುವ ಶಕ್ತಿಯೂ ಹಗುರವೇ. ರಕ್ತದಲ್ಲಿ ನೆನೆದ ಮೇಲೆ ಮೆತ್ತಗಾಗಿ ಕೂತುಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ವೈದ್ಯರು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ. ಜೆಲ್‌ಫೋಮ್ ತಯಾರಾಗುವುದು ಹಂದಿಯ ಚರ್ಮದ ಜೆಲಟಿನ್‌ನಿಂದ. ಫ್ಲೋಸೀಲ್ ಎಂಬ ಪೇಸ್ಟಿನಂಥ ವಸ್ತುವಿನಲ್ಲಿರುವ ಜೆಲಟಿನ್ ದನದ್ದು, ಜೊತೆಗೆ ಮನುಷ್ಯರ ರಕ್ತದಿಂದ ತೆಗೆದ ಥ್ರಾಂಬಿನ್. ಸಸ್ಯಾಹಾರಿಗಳ ಮನೆಯಲ್ಲೂ, ಮುಸ್ಲಿಮರ ಮನೆಯಲ್ಲೂ ಕೆಲವರಿಗೆ ಇದು ಮುಖ್ಯವೆನಿಸಬಹುದು, ಕೆಲವರಿಗೆ ಔಷಧಕ್ಕೆ ಮಡಿಯಿಲ್ಲ ಎನಿಸಬಹುದು. ತೀರ್ಮಾನ ರೋಗಿಯದು. ಆದರೆ ತೀರ್ಮಾನಿಸಲು ಮೊದಲು ಗೊತ್ತಿರಬೇಕಲ್ಲ. ಶಸ್ತ್ರಕ್ರಿಯೆಗೆ ಮುನ್ನ ಕೇಳಿದರೆ ಬೇರೆ ವಸ್ತು ಆರಿಸಿಕೊಳ್ಳುವುದು ಕಷ್ಟವೇನಲ್ಲ.

ಗಿಡಮೂಲದ್ದು ಬೇಕೆಂದರೆ ಸೆಲ್ಯುಲೋಸ್ ಇದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹತ್ತಿಬಟ್ಟೆ ಅಪ್ಪಟ ಸೆಲ್ಯುಲೋಸ್, ನಮ್ಮ ದೇಹಕ್ಕೆ ಅದನ್ನು ಕರಗಿಸುವ ಕಿಣ್ವವಿಲ್ಲ. ಅದಕ್ಕೇ ಮೂಗಿನಲ್ಲಿಟ್ಟ ಗಾಜ್ ಬಟ್ಟೆ ಎಷ್ಟು ದಿನವಾದರೂ ಗಾಜ್ ಬಟ್ಟೆಯೇ. ಆದರೆ ಅದೇ ಸೆಲ್ಯುಲೋಸನ್ನು ನೈಟ್ರೋಜನ್ ಡೈಆಕ್ಸೈಡ್‌ನಿಂದ ಉತ್ಕರ್ಷಿಸಿದರೆ ಅದರ ಸರಪಳಿಯಲ್ಲಿ ಆಮ್ಲಗುಂಪುಗಳು ಸೇರಿಕೊಂಡು, ದೇಹದ್ರವದಲ್ಲಿ ಬಿಡಿಬಿಡಿಯಾಗುವ ಗುಣ ಬರುತ್ತದೆ. ಇದನ್ನು 1942ರಲ್ಲಿ ಪ್ರಕಟಿಸಿದವರು ಫೋಟೋ ಫಿಲ್ಮಿಗೆ ಹೆಸರಾದ ಕೊಡಕ್ ಕಂಪನಿಯ ರಸಾಯನಶಾಸ್ತ್ರಜ್ಞರು! ಮರುವರ್ಷವೇ ಕೊಲಂಬಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ಫ್ರಾಂಟ್ಸ್ ಎಂಬ ವೈದ್ಯೆ ಅದನ್ನು ರಕ್ತ ನಿಲ್ಲಿಸಲು ಬಳಸಿ ತೋರಿಸಿದರು. ಇಂದಿನ ಸರ್ಜಿಸೆಲ್ ಇದೇ ಕುಲದ್ದು. ಆಮ್ಲೀಯವಾದ್ದರಿಂದ ಬ್ಯಾಕ್ಟೀರಿಯಾಗಳಿಗೆ ಅಷ್ಟಾಗಿ ಹಿಡಿಸುವುದಿಲ್ಲ. ರಕ್ತ ತಾಗಿದೊಡನೆ ಕಂದುಗಪ್ಪಾಗುತ್ತದೆ. ಮೂಗಿನಿಂದ ಕಪ್ಪು ಚೂರು ಬಂತೆಂದು ಗಾಬರಿಯಾಗುವವರು ಇದನ್ನು ನೆನಪಿಡಲಿ. ಒಂದೆರಡು ವಾರದಲ್ಲಿ ಅದು ಇಲ್ಲವಾಗುತ್ತದೆ.

ನನಗೆ ತುಂಬ ಹಿಡಿಸುವ ಕಥೆ ಹೈಲುರಾನಿಕ್ ಆಮ್ಲದ್ದು. 1934ರಲ್ಲಿ, ಅದೇ ಕೊಲಂಬಿಯಾದಲ್ಲಿ, ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಗ್ರೀಕಿನಲ್ಲಿ ‘ಹೈಯಲೋಸ್’ ಎಂದರೆ ಗಾಜು. ಕಣ್ಣಿನಲ್ಲಿ ಸಿಕ್ಕ ವಸ್ತು ಈಗ ಕಣ್ಣೀರಿನ ದಾರಿಯನ್ನು ಕಾಯಲು ಬಂದಿದೆ. ನಮ್ಮ ಚರ್ಮ, ಕೀಲುಗಳಲ್ಲೆಲ್ಲ ಇರುವ ಪದಾರ್ಥವಾದ್ದರಿಂದ ದೇಹ ಅದನ್ನು ಪರಕೀಯವೆಂದು ತಿಳಿಯುವುದು ಕಡಿಮೆ. ಇದರಿಂದ ನೇಯ್ದ ಮೆರೋಜೆಲ್ ತೇವ ಕಂಡೊಡನೆ ಲೋಳೆಯಾಗಿ ಗೋಡೆಗಳ ನಡುವೆ ನಿಲ್ಲುತ್ತದೆ. ರಕ್ತ ತಡೆಯುವುದಕ್ಕಿಂತ ಗೋಡೆಗಳನ್ನು ಬೇರೆಯಿರಿಸುವುದರಲ್ಲಿ ಇದು ಮೇಲು ಎಂಬ ನಂಬಿಕೆ. ಬೆಲೆಯೂ ಮೇಲೇ.

ಸೀಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್ ಲೋಳೆಯನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಸೈನಸ್ ಶಸ್ತ್ರಕ್ರಿಯೆಯಲ್ಲಿ ಪ್ರಯೋಗಿಸಿ ಒಳ್ಳೆಯ ಮಾತಾಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ನೇಸೋಪೋರ್ ಎಂಬ ಪಾಲಿಯುರೆಥೇನ್ ಸ್ಪಂಜು ಮಾತ್ರ ಪೂರ್ತಿ ಕೃತಕ. ಇದು ಸಾಕಷ್ಟು ಗಟ್ಟಿ, ಒತ್ತಡವನ್ನೂ ಕೊಡುತ್ತದೆ, ಕೆಲವು ದಿನಗಳಲ್ಲಿ ಚೂರುಚೂರಾಗುತ್ತದೆ. ಅಂದರೆ ಇದು ದೇಹದಲ್ಲಿ ಹೀರಿಹೋಗುವುದಲ್ಲ, ಮುರಿದು ಉಪ್ಪುನೀರಿನ ಜೊತೆ ತೊಳೆದುಹೋಗುವುದು. ‘ಕರಗುವ ಪ್ಯಾಕ್’ ಎಂಬ ಒಂದೇ ಹೆಸರಿನ ಕೆಳಗೆ ನೀರಾಗುವುದು, ಲೋಳೆಯಾಗುವುದು, ಪುಡಿಯಾಗುವುದು ಎಲ್ಲವನ್ನೂ ಸೇರಿಸಿಬಿಟ್ಟಿದ್ದೇವೆ. ಬಿಲ್ಲು ನೋಡುವಾಗ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಸರಿ, ಯಾವುದು ಮೇಲು? ಇದನ್ನು ತೂಗಿ ನೋಡುವುದು ತೋರುವಷ್ಟು ಸುಲಭವಲ್ಲ. ಸೈನಸ್ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಎರಡೂ ಕಡೆ ನಡೆಯುತ್ತದೆ. ಎಡಕ್ಕೆ ಒಂದು ವಸ್ತು, ಬಲಕ್ಕೆ ಇನ್ನೊಂದು ಇಟ್ಟರೆ ಅದೇ ರೋಗಿ, ಅದೇ ರಕ್ತದೊತ್ತಡ, ಅದೇ ವೈದ್ಯ. ಹೋಲಿಕೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಕಣ್ಣೀರಿನ ನಾಳದ ಶಸ್ತ್ರಕ್ರಿಯೆ ಹೆಚ್ಚಾಗಿ ಒಂದೇ ಕಡೆ. ಇವರಿಗೆ ಇದು, ಅವರಿಗೆ ಅದು ಎಂದು ಹಂಚಿ, ಬಹಳ ಮಂದಿಯನ್ನು ಕೂಡಿಸಿ, ತಿಂಗಳುಗಟ್ಟಲೆ ಕಾದು ನೋಡಬೇಕು. ಅದೂ ಹತ್ತರಲ್ಲಿ ಒಂಬತ್ತು ಹೇಗಿದ್ದರೂ ಗೆಲ್ಲುವಾಗ, ಉಳಿದೊಂದರಲ್ಲಿ ವ್ಯತ್ಯಾಸ ಹುಡುಕಲು ನೂರಾರು ರೋಗಿಗಳು ಬೇಕು. ಹಾಗಾಗಿ ನಮ್ಮ ತಿಳಿವಳಿಕೆಯಲ್ಲಿ ಹೆಚ್ಚಿನದು ಸೈನಸ್‌ನಿಂದ ಎರವಲು ತಂದದ್ದು.

ಆ ಎರವಲಿನಲ್ಲಿ ಒಂದು ಮಾತು ಗಟ್ಟಿಯಾಗಿದೆ. ಕರಗುವ ಪ್ಯಾಕ್ ಇಟ್ಟವರಿಗೆ, ಎಳೆದು ತೆಗೆಯುವ ಪ್ಯಾಕ್ ಇಟ್ಟವರಿಗಿಂತ ನೋವು ಕಡಿಮೆ, ತೆಗೆಯುವಾಗಿನ ರಕ್ತಸ್ರಾವವೂ ಕಡಿಮೆ. ಆದರೆ ಗಾಯ ಚೆನ್ನಾಗಿ ಮಾಗುತ್ತದೆ, ಗೋಡೆಗಳು ಅಂಟಿಕೊಳ್ಳುವುದೇ ಇಲ್ಲ ಎಂದು ಎಲ್ಲ ವಸ್ತುಗಳ ಬಗೆಗೂ ಹೇಳಲು ಬಾರದು. 2003ರಲ್ಲಿ ಪ್ರಕಟವಾದ ಚಿಕ್ಕದೊಂದು ಸೈನಸ್ ಅಧ್ಯಯನದಲ್ಲಿ ಫ್ಲೋಸೀಲ್ ಹಾಕಿದ ಕಡೆ ಹೆಚ್ಚುಮಾಂಸ, ಅಂಟುವಿಕೆ ಎರಡೂ ಜಾಸ್ತಿ ಕಂಡವು. ಹೋಲಿಕೆಗೆ ಇಟ್ಟದ್ದು ಥ್ರಾಂಬಿನ್‌ನಲ್ಲಿ ನೆನೆಸಿದ ಸಾದಾ ಜೆಲಟಿನ್ ಸ್ಪಂಜು. ಕರಗುವ ವಸ್ತುವೂ ಕರಗುವ ತನಕ ಪರವಸ್ತುವೇ. ಅದರ ಸುತ್ತ ದೇಹ ತನ್ನ ಕಾವಲು ಪಡೆ ಕಳಿಸುತ್ತದೆ, ಅದು ಕಿಂಡಿಯ ಬಾಯಲ್ಲೇ ನಡೆದರೆ ತೊಂದರೆ. ಏನನ್ನೂ ತುಂಬದೆ, ರಕ್ತನಾಳಗಳನ್ನು ಸುಟ್ಟು ಮುಚ್ಚಿ ಮನೆಗೆ ಕಳಿಸುವ ಶಸ್ತ್ರವೈದ್ಯರೂ ಇದ್ದಾರೆ. ರಕ್ತ ಚೆನ್ನಾಗಿ ನಿಂತಿದ್ದರೆ ಅದೂ ಸರಿಯೇ.

ಆದ್ದರಿಂದ ಪತ್ರ ಬರೆದವರಿಗೆ ನನ್ನ ಮಾತು ಹೀಗೆ. ಕರಗುವ ಪ್ಯಾಕಿಗೆ ಹಣ ಕೊಟ್ಟರೆ ನೀವು ಕೊಳ್ಳುವುದು ಎಳೆಯುವ ನೋವಿನಿಂದ ಬಿಡುಗಡೆಯನ್ನು. ಕಿಂಡಿ ಮುಚ್ಚದೆ ಉಳಿಯುತ್ತದೆ ಎಂಬ ಭರವಸೆಯನ್ನಲ್ಲ. ಅದು ಶಸ್ತ್ರವೈದ್ಯರ ಕೈಚಳಕದ ಮೇಲೆ, ಕಿಂಡಿ ಎಷ್ಟು ಧಾರಾಳವಾಗಿದೆ ಎಂಬುದರ ಮೇಲೆ ನಿಂತಿದೆ. ಆದರೆ ನೋವಿನ ಹೆದರಿಕೆಯಿಂದಲೇ ತಾಯಿ ಎರಡು ವರ್ಷ ಕೀವಿನ ಚೀಲ ಹೊತ್ತು ತಿರುಗುತ್ತಿದ್ದರೆ, ಆ ಬಿಡುಗಡೆ ಚಿಕ್ಕದೇನಲ್ಲ. ದುಬಾರಿಯದೇ ಬೇಕೆಂದೂ ಇಲ್ಲ, ಅಗ್ಗದ ಜೆಲಟಿನ್ ಸ್ಪಂಜು ಅಥವಾ ಸೆಲ್ಯುಲೋಸ್ ಸಾಕಾದೀತೇ ಎಂದು ಕೇಳಿ. ಮಕ್ಕಳ ವಿಷಯದಲ್ಲಾದರೆ ನಾನು ಎರಡು ಮಾತಿಲ್ಲದೆ ಕರಗುವುದನ್ನೇ ಆರಿಸುತ್ತೇನೆ. ಹತೋಟಿಗೆ ಬಾರದ ರಕ್ತದೊತ್ತಡ ಇದ್ದು ಶಸ್ತ್ರಕ್ರಿಯೆಯಲ್ಲಿ ರಕ್ತ ಬಹಳ ಸುರಿದರೆ ಮಾತ್ರ ಹಳೆಯ ಗಾಜ್ ಪಟ್ಟಿಯ ಬಿಗಿತವೇ ಬೇಕಾಗಬಹುದು. ಆಗ ವೈದ್ಯರ ಕೈ ಕಟ್ಟಬೇಡಿ. ತೆಗೆಯುವ ಮುನ್ನ ನೋವಿನ ಮಾತ್ರೆ ಕೊಟ್ಟು, ಉಪ್ಪುನೀರಿನಲ್ಲಿ ಚೆನ್ನಾಗಿ ನೆನೆಸಿ, ನಿಧಾನವಾಗಿ ಎಳೆದರೆ ಯಾತನೆ ಎಷ್ಟೋ ತಗ್ಗುತ್ತದೆ. ಹಾಗೆ ಮಾಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎಷ್ಟು ಪಟ್ಟಿ ಇಟ್ಟಿದ್ದಾರೆ, ಎಂದು ತೆಗೆಯುತ್ತಾರೆ ಎಂಬುದನ್ನು ಬಿಡುಗಡೆಯ ಚೀಟಿಯಲ್ಲಿ ಬರೆಸಿಕೊಳ್ಳಿ. ಮರೆತು ಉಳಿದ ಗಾಜ್ ತುಂಡು ಮೂಗಿನಲ್ಲಿ ಕೊಳೆತು ನಾರುತ್ತದೆ.

ಯಾವ ಪ್ಯಾಕ್ ಆದರೂ ಮನೆಗೆ ಬಂದ ಮೇಲಿನ ಕ್ರಮ ಹೆಚ್ಚುಕಡಿಮೆ ಒಂದೇ. ವಾರ ಹತ್ತು ದಿನ ಮೂಗು ಸೀನಿ ಹಾಕಬಾರದು. ಹಾಗೆ ಮಾಡಿದರೆ ರಕ್ತ ಮತ್ತೆ ಬರುವುದಲ್ಲದೆ, ಗಾಳಿ ಹೊಸ ಕಿಂಡಿಯ ಮೂಲಕ ಕಣ್ಣಿನ ಸುತ್ತ ನುಗ್ಗಿ ರೆಪ್ಪೆ ಉಬ್ಬಬಹುದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಮೊದಲ ದಿನ ಕುದಿಯುವ ಕಾಫಿ ಬೇಡ, ಆರಿಸಿ ಕುಡಿಯಲಿ. ಮಲಗುವಾಗ ತಲೆಗೆ ಎರಡು ದಿಂಬು. ಬಿಂದಿಗೆ ಎತ್ತುವುದು, ಬಗ್ಗಿ ಗುಡಿಸುವುದು ಒಂದಷ್ಟು ದಿನ ಮಕ್ಕಳ ಪಾಲಿಗೆ ಬರಲಿ. ಹೃದಯದ ತೊಂದರೆಗೆ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬೇಕೇ, ಎಂದಿನಿಂದ ಎಂಬುದನ್ನು ಇಬ್ಬರು ವೈದ್ಯರನ್ನೂ ಕೇಳಿಯೇ ತೀರ್ಮಾನಿಸಬೇಕು. ಮೂಗಿನಿಂದ ಒಂದೆರಡು ಹನಿ ಕೆಂಪುನೀರು ಬರುವುದು ಸಹಜ. ಮೂಗು ಒತ್ತಿ ಹಿಡಿದು ಮುಂದಕ್ಕೆ ಬಾಗಿ ಕೂತರೂ ಕಾಲು ಗಂಟೆಯಲ್ಲಿ ನಿಲ್ಲದ ರಕ್ತ, ಜ್ವರ, ಮೈಮೇಲೆ ಕೆಂಪು ಗಂಧೆ, ಕಣ್ಣು ಊದಿ ದೃಷ್ಟಿ ಮಂಜಾಗುವುದು, ಇವು ಕಂಡರೆ ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಹೋಗಬೇಕು.

ಕೆಲವು ವಾರಗಳಾದ ಮೇಲೆ ಒಂದು ಚಿಕ್ಕ ಪರೀಕ್ಷೆ ಇರುತ್ತದೆ. ಕಣ್ಣಿಗೆ ಫ್ಲೋರೆಸೀನ್ ಎಂಬ ಹಳದಿ ಬಣ್ಣದ ಒಂದು ಹನಿ ಬಿಟ್ಟು, ಮೂಗಿನೊಳಗೆ ಎಂಡೋಸ್ಕೋಪ್ ಇಟ್ಟು ಕಾಯುತ್ತಾರೆ. ಕಿಂಡಿ ತೆರೆದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹಸಿರು ಛಾಯೆಯ ಹಳದಿ ನೀರು ಮೂಗಿನ ಗೋಡೆಯ ಮೇಲೆ ಜಿನುಗುವುದು ತೆರೆಯ ಮೇಲೆ ಕಾಣುತ್ತದೆ. ವೈದ್ಯರನ್ನು ಕೇಳಿಕೊಂಡರೆ ಜೊತೆಗೆ ಹೋದ ಮಗಳಿಗೂ ತೋರಿಸಿಯಾರು.